ನೆರಳಿಗೆ ವೇರಿಗೇಟೆಡ್ ಹೋಸ್ಟಾ ಹಾಕೋ ಮುಂಚೆ ಎಲೆ ನೋಡಿ ಲೆಕ್ಕ ಹಾಕಿ

ಹೋಸ್ಟಾ ಅಂದ್ರೆ ನೆರಳಿನ ಗಿಡ, ನೆಟ್ಟು ಮರೆತುಬಿಟ್ರೂ ಬರುತ್ತೆ ಅಂತ ಎಲ್ರೂ ಹೇಳ್ತಾರೆ, ಬರೀ ಹಸಿರು ಎಲೆ ಇರೋ ಹೋಸ್ಟಾಗೆ ಅದು ನಿಜಾನೂ ಹೌದು. ಆದ್ರೆ ನರ್ಸರಿಗೆ ಹೋದಾಗ ನಮ್ಮ ಕಣ್ಣು ಬೀಳೋದು ಹಸಿರು ಎಲೆ ಮೇಲಲ್ವಲ್ಲ, ಅಂಚಿಗೆ ಬಿಳಿ ಪಟ್ಟಿ ಇರೋದು, ಮಧ್ಯದಲ್ಲಿ ಹಾಲು ಚೆಲ್ಲಿದಂಗಿರೋದು, ಹಳದಿ ಹಸಿರು ಎರಡೂ ಬ್ರಷ್ಷಲ್ಲಿ ಎಳೆದಂಗಿರೋದು, ಇವುಗಳ ಮೇಲೇನೇ, ಇಂಥ ಎರಡು ಬಣ್ಣದ ಎಲೆಗೇ ವೇರಿಗೇಟೆಡ್ ಅನ್ನೋದು. ನಾನೂ ಹಂಗೇ ಮೊದಲ ವರ್ಷ ನಾಲ್ಕು ತಂದೆ, ನಾಲ್ಕನ್ನೂ ಒಂದೇ ಮರದ ಕೆಳಗೆ ಒಂದೇ ಸಾಲಲ್ಲಿ ನೆಟ್ಟೆ. ಮೂರನೇ ವರ್ಷಕ್ಕೆ ಒಂದು ಗಿಡ ಬುಟ್ಟಿಯಷ್ಟು ಅಗಲ ಆಗಿತ್ತು, ಎರಡು ತಂದಾಗ ಹೆಂಗಿದ್ವೋ ಹಂಗೇ ಇದ್ವು, ನಾಲ್ಕನೇದು ಎರಡು ಎಲೆಗೆ ಇಳಿದು ಮುಂದಿನ ವರ್ಷ ಮೇಲೆ ಬರ್ಲೇ ಇಲ್ಲ. ಒಂದೇ ಮಣ್ಣು, ಒಂದೇ ನೀರು, ಒಂದೇ ನೆರಳು.

ವ್ಯತ್ಯಾಸ ಇದ್ದಿದ್ದು ಎಲೇಲಿ. ಎಲೆಯ ಬಿಳಿ ಭಾಗದಲ್ಲಿ ಕ್ಲೋರೋಫಿಲ್ ಇಲ್ಲ, ಅದು ಗಿಡಕ್ಕೆ ಊಟ ತಯಾರು ಮಾಡಲ್ಲ, ಪಕ್ಕದ ಹಸಿರು ಮಾಡಿದ್ದನ್ನ ತಿಂದ್ಕೊಂಡಿರುತ್ತೆ. ಹಳದಿ ಭಾಗ ಅಷ್ಟು ಸೋಮಾರಿ ಅಲ್ಲ, ಅದರಲ್ಲಿ ಸ್ವಲ್ಪ ಕ್ಲೋರೋಫಿಲ್ ಇರುತ್ತೆ. ಅಂದ್ರೆ ದುಡಿಯೋದು ಹಸಿರು, ಮೆರೆಯೋದು ಬಿಳಿ. ಒಂದು ಮನೇಲಿ ದುಡಿಯೋರೆಷ್ಟು ಕೂತು ತಿನ್ನೋರೆಷ್ಟು ಅಂತ ನೋಡಿದ್ರೆ ಆ ಮನೆ ಹೆಂಗೆ ನಡೀತಿದೆ ಅಂತ ಗೊತ್ತಾಗುತ್ತಲ್ಲ, ವೇರಿಗೇಟೆಡ್ ಹೋಸ್ಟಾನೂ ಅಷ್ಟೇ. ಎಲ್ಲಿ ನೆಡ್ಬೇಕು, ಎಷ್ಟು ಬೆಳಕು ಕೊಡ್ಬೇಕು, ಎಷ್ಟು ವರ್ಷ ಕಾಯ್ಬೇಕು, ಯಾವಾಗ ಚಾಕು ಹಾಕ್ಬೇಕು ಎಲ್ಲಾ ಈ ಲೆಕ್ಕದ ಮೇಲೇ ನಿಂತಿರೋದು.

ಮೊದಲು ಒಂದು ಪ್ರಶ್ನೆ, ನಿಮ್ಮಲ್ಲಿ ಚಳಿ ಬೀಳುತ್ತಾ?

ಇದನ್ನ ಕೇಳ್ದೇ ದುಡ್ಡು ಹಾಕ್ಬೇಡಿ. ಹೋಸ್ಟಾ ಜಪಾನ್, ಕೊರಿಯಾ, ಚೀನಾ ಕಡೆ ಕಾಡು, ತೊರೆ ದಂಡೆ, ಬೆಟ್ಟದ ಇಳಿಜಾರಲ್ಲಿ ಬೆಳೆಯೋ ಗಿಡ, ವರ್ಷಾ ವರ್ಷಾ ಚಳಿಗಾಲಕ್ಕೆ ಎಲೆ ಪೂರ್ತಿ ಉದುರಿಸಿ ಮಣ್ಣೊಳಗೆ ಮಲಗುತ್ತೆ. ಆ ನಿದ್ದೆ ಇಲ್ದಿದ್ರೆ ಮುಂದಿನ ವರ್ಷ ಸರಿಯಾಗಿ ಏಳಲ್ಲ. ಬೆಳೆಯೋರು ಸಾಮಾನ್ಯವಾಗಿ ಹೇಳೋ ಲೆಕ್ಕ ಅಂದ್ರೆ 4-5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಒಟ್ಟು 600ರಿಂದ 700 ಗಂಟೆ. ವರ್ಷಪೂರ್ತಿ ಸೆಕೆ ಇರೋ ಕಡೆ ನೆಟ್ರೆ ಮೊದಲ ವರ್ಷ ಚೆನ್ನಾಗೇ ಇರುತ್ತೆ, ಅದು ಹಿಂದಿನ ಜಾಗದಲ್ಲಿ ಕೂಡಿಟ್ಕೊಂಡು ಬಂದ ಶಕ್ತಿ, ಎರಡನೇ ವರ್ಷ ಎಲೆ ಸಣ್ಣ ಆಗುತ್ತೆ, ಮೂರನೇ ವರ್ಷ ಮುಗೀತು. ಕೆಲವ್ರು ಕುಂಡದಿಂದ ತೆಗೆದು ಫ್ರಿಜ್ಜಲ್ಲಿಟ್ಟು ಚಳಿ ಕೊಡ್ತಾರೆ, ಸಣ್ಣ ಜಾತಿಗೆ ಆಟಕ್ಕೆ ಮಾಡ್ಬಹುದು, ತೋಟ ಮಾಡೋಕಾಗಲ್ಲ. ಸೆಕೆ ಊರಿನೋರಿಗೆ ನಾನು ನೇರವಾಗೇ ಹೇಳೋದು, ನೆರಳಲ್ಲಿ ಬಣ್ಣದ ಎಲೆ ಬೇಕು ಅಂದ್ರೆ ಕೆಲೇಡಿಯಂ, ಅಗ್ಲೋನಿಮಾ ಹಾಕಿ, ಅವು ಸೆಕೆಗೇ ಹುಟ್ಟಿದ ಗಿಡಗಳು, ಹೋಸ್ಟಾನ ಚಳಿ ಇರೋರಿಗೆ ಬಿಟ್ಬಿಡಿ.

ಇನ್ನೊಂದು, ಮನೇಲಿ ನಾಯಿ ಬೆಕ್ಕು ಇದ್ದು ಗಿಡ ಕಚ್ಚೋ ಅಭ್ಯಾಸ ಇದ್ರೆ ಹುಷಾರು, ಹೋಸ್ಟಾದಲ್ಲಿ ಸ್ಯಾಪೋನಿನ್ ಅನ್ನೋ ಅಂಶ ಇದೆ, ತಿಂದ್ರೆ ವಾಂತಿ ಭೇದಿ ಆಗುತ್ತೆ.

ಯಾವುದನ್ನ ತರೋದು

ಹೆಸರಿನ ಪಟ್ಟಿ ಸಾವಿರಗಟ್ಟಲೆ ಇದೆ, ತಲೆ ಕೆಡಿಸ್ಕೋಬೇಡಿ. ಮೂರು ಗುಂಪು ಮಾಡ್ಕೊಳ್ಳಿ ಸಾಕು.

ಮಧ್ಯ ಹಸಿರು, ಅಂಚು ಬಿಳಿ. ಹೊಸಬರು ಇಲ್ಲಿಂದ್ಲೇ ಶುರು ಮಾಡಿ. ಎಲೆಯ ಮುಕ್ಕಾಲು ಪಾಲು ದುಡೀತಾ ಇರುತ್ತೆ, ಅಂಚು ಮಾತ್ರ ಶೋಕಿ. ಫ್ರಾನ್ಸೀ ಅನ್ನೋದು ಹಳೇ ನಂಬಿಕಸ್ತ ಗಿಡ. ಅದರಿಂದ್ಲೇ ತಾನಾಗೇ ಬದಲಾಗಿ ಹುಟ್ಟಿದ್ದು ಪೇಟ್ರಿಯಟ್, ಅಂಚು ಇನ್ನೂ ಅಗಲ ಇನ್ನೂ ಬಿಳಿ, 1997ರಲ್ಲಿ ಅಮೆರಿಕದ ಹೋಸ್ಟಾ ಬೆಳೆಗಾರರ ಸಂಘ ವರ್ಷದ ಹೋಸ್ಟಾ ಅಂತ ಆರಿಸಿದ್ದು ಇದನ್ನೇ. ಕತ್ತಲು ಮೂಲೇಲಿ ಇದು ದೀಪ ಹಚ್ಚಿದಂಗೆ ಕಾಣುತ್ತೆ, ಸಂಜೆ ಹೊತ್ತಲ್ಲಂತೂ ಹಸಿರು ಮಾಯ ಆಗಿ ಬರೀ ಬಿಳಿ ಉಂಗುರಗಳು ತೇಲ್ತಿರೋ ಥರ ಇರುತ್ತೆ.

ಹಳದಿ ಸೇರಿರೋವು. ಜೂನ್ ನನ್ನ ಅಚ್ಚುಮೆಚ್ಚು, ಮಧ್ಯ ಹಳದಿ, ಅಂಚು ನೀಲಿ ಹಸಿರು, ಹಾಲ್ಸಿಯನ್ ಅನ್ನೋ ನೀಲಿ ಹೋಸ್ಟಾದಿಂದ ಬಂದಿದ್ದು, ಎಲೆ ದಪ್ಪ ಇರೋದ್ರಿಂದ ಹುಳಾನೂ ಕಮ್ಮಿ. ಗೋಲ್ಡ್ ಸ್ಟ್ಯಾಂಡರ್ಡ್ ಇನ್ನೊಂದು, ಅದು ಬರುವಾಗ ಹಸಿರಾಗೇ ಬಂದು ದಿನ ಹೋದಂಗೆ ಮಧ್ಯ ಬಂಗಾರದ ಬಣ್ಣಕ್ಕೆ ತಿರುಗುತ್ತೆ, ಅದು ಗೊತ್ತಿಲ್ದೇ ನರ್ಸರಿಯವರು ತಪ್ಪು ಗಿಡ ಕೊಟ್ರು ಅಂತ ಒಂದು ತಿಂಗಳು ಬೈಕೊಂಡಿದ್ದೆ ನಾನು. ಸಾಗೇ ದೊಡ್ಡ ಜಾತಿ, ಹೂದಾನಿ ಥರ ಮೇಲಕ್ಕೆ ನಿಂತ್ಕೊಳ್ಳುತ್ತೆ, ಕೆನೆ ಹಳದಿ ಅಂಚು, ಜಾಗ ಇದ್ರೆ ಮಾತ್ರ ತನ್ನಿ.

ಮಧ್ಯ ಬಿಳಿ, ಅಂಚು ಹಸಿರು. ಫೈರ್ ಅಂಡ್ ಐಸ್ ಈ ಗುಂಪಿನದು, ಪೇಟ್ರಿಯಟ್‌ನ ಎಲೆ ಒಳಹೊರಗು ತಿರುವಿ ಹಾಕಿದಂಗೆ. ನೋಡೋಕೆ ಇದಕ್ಕಿಂತ ಚೆಂದ ಇಲ್ಲ, ಸಾಕೋಕೆ ಇದಕ್ಕಿಂತ ಕಷ್ಟ ಇಲ್ಲ. ನಾಲ್ಕನೇ ಗಿಡ ಕಾಣೆಯಾಯ್ತು ಅಂದ್ನಲ್ಲ, ಅದೇ ಇದು. ಸಣ್ಣ ಹಸಿರು ಅಂಚು ಇಡೀ ಎಲೆನ ಸಾಕ್ಬೇಕು, ಅದರ ಮೇಲೆ ನಾನು ಕಡುನೆರಳಲ್ಲಿ ಇಟ್ಟಿದ್ದೆ, ಇನ್ನೇನಾಗುತ್ತೆ. ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್ ಅಂತ ಇನ್ನೊಂದಿದೆ, ಹಳದಿ ಕೆನೆ ಮಧ್ಯ, ಅದೂ ಹಠಮಾರಿ, ಕೆಲವರ ತೋಟದಲ್ಲಿ ರಾಜನಂಗಿರುತ್ತೆ, ಕೆಲವರ ತೋಟದಲ್ಲಿ ವರ್ಷಾ ವರ್ಷಾ ಕುಗ್ಗುತ್ತೆ.

ಕೊಳ್ಳುವಾಗ ದೊಡ್ಡ ಎಲೆಗೆ ಮರುಳಾಗ್ಬೇಡಿ, ಬುಡ ನೋಡಿ. ಮಣ್ಣಿಂದ ಎಷ್ಟು ಕುಡಿ ಬೇರೆ ಬೇರೆಯಾಗಿ ಎದ್ದಿವೆ ಎಣಿಸಿ, ಮೂರಾದ್ರೂ ಇರ್ಲಿ. ಮಧ್ಯ ಬಿಳಿ ಇರೋದನ್ನ ಒಂಟಿ ಕುಡಿದು ತಂದ್ರೆ ಅದು ಮೊದಲ ವರ್ಷವೇ ಉಪವಾಸ ಬೀಳುತ್ತೆ.

ನೆರಳು ಅಂದ್ರೆ ಯಾವ ನೆರಳು

ಇಲ್ಲೇ ಜಾಸ್ತಿ ಜನ ಎಡವೋದು. ಹೋಸ್ಟಾ ನೆರಳನ್ನ ತಡ್ಕೊಳ್ಳುತ್ತೆ, ಕತ್ತಲೆ ಅದಕ್ಕೆ ಇಷ್ಟ ಇಲ್ಲ. ಒಳ್ಳೇ ಜಾಗ ಅಂದ್ರೆ ಬೆಳಿಗ್ಗೆ ಎರಡು ಮೂರು ಗಂಟೆ ಎಳೆಬಿಸಿಲು, ಮಧ್ಯಾಹ್ನದ ಮೇಲೆ ಪೂರ್ತಿ ನೆರಳು, ಅಥವಾ ದಿನವಿಡೀ ಮರದ ಎಲೆಗಳ ಸಂದಿಯಿಂದ ಚುಕ್ಕೆ ಚುಕ್ಕೆ ಬೆಳಕು. ಇದನ್ನ ಅಂದಾಜಲ್ಲಿ ಹೇಳ್ಬೇಡಿ, ರಜಾ ಇರೋ ಒಂದು ದಿನ ಗಂಟೆಗೊಂದ್ಸಲ ಹೋಗಿ ಆ ಜಾಗದ ಫೋಟೋ ತೆಗೀರಿ, ಸಂಜೆ ಕೂತು ನೋಡಿದ್ರೆ ಎಲ್ಲಿ ಎಷ್ಟು ಹೊತ್ತು ಬಿಸಿಲು ಬಿತ್ತು ಅಂತ ಗೊತ್ತಾಗುತ್ತೆ. ಮರಕ್ಕೆ ಎಲೆ ಬಂದ ಮೇಲೆ ತೆಗೀರಿ, ಬೋಳು ಮರದ ಕೆಳಗೆ ತೆಗೆದ್ರೆ ಮೋಸ ಹೋಗ್ತೀರ.

ಈಗ ಲೆಕ್ಕಕ್ಕೆ ಬನ್ನಿ. ಅಂಚು ಬಿಳಿ ಇರೋದಕ್ಕೆ ನೆರಳು ಸ್ವಲ್ಪ ಜಾಸ್ತಿ ಆದ್ರೂ ನಡೆಯುತ್ತೆ, ದುಡಿಯೋ ಹಸಿರು ಬೇಕಾದಷ್ಟಿದೆ. ಮಧ್ಯ ಬಿಳಿ ಇರೋದಕ್ಕೆ ಬೆಳಕು ಜಾಸ್ತಿ ಬೇಕು, ಯಾಕಂದ್ರೆ ಇರೋ ಸ್ವಲ್ಪ ಹಸಿರು ಓವರ್‌ಟೈಮ್ ಮಾಡ್ಬೇಕು, ಆದ್ರೆ ಬಿಳಿ ಭಾಗ ಕಾಗದದಷ್ಟು ತೆಳು, ಮಧ್ಯಾಹ್ನದ ಬಿಸಿಲು ತಾಗಿದ್ರೆ ಕಂದು ಬಣ್ಣಕ್ಕೆ ಸುಟ್ಟುಹೋಗುತ್ತೆ. ಬೆಳಕೂ ಬೇಕು, ಸುಡಲೂಬಾರ್ದು, ಅದಕ್ಕೇ ಇವುಗಳಿಗೆ ಪೂರ್ವ ದಿಕ್ಕಿನ ಗೋಡೆ ಪಕ್ಕ ಬಿಟ್ರೆ ಬೇರೆ ಜಾಗ ಹುಡುಕೋದೇ ಕಷ್ಟ. ಹಳದಿ ಇರೋವು ಬೆಳಕು ಕೊಟ್ಟಷ್ಟೂ ಬಂಗಾರ ಆಗ್ತವೆ, ನೀಲಿ ಇರೋವು ನೆರಳಲ್ಲೇ ನೀಲಿಯಾಗಿ ಉಳೀತವೆ. ನೀಲಿ ಅನ್ನೋದು ಎಲೆ ಮೇಲಿರೋ ಮೇಣದ ಪುಡಿ ಅಷ್ಟೇ, ಹೆಬ್ಬೆರಳಲ್ಲಿ ಒಂದ್ಸಲ ಉಜ್ಜಿ ನೋಡಿ, ಕೆಳಗೆ ಮಾಮೂಲಿ ಹಸಿರು ಕಾಣುತ್ತೆ, ಆ ಬೆರಳಿನ ಗುರುತು ಆ ಎಲೆ ಮೇಲೆ ಉಳಿದುಬಿಡುತ್ತೆ, ಹಾಗಾಗಿ ಒಂದೇ ಎಲೇಲಿ ಪ್ರಯೋಗ ಮಾಡಿ.

ನನ್ನ ಹತ್ರ ಜೂನ್ ಎರಡು ಇದಾವೆ, ಒಂದೇ ಗಿಡ ಸೀಳಿ ಮಾಡಿದ್ದು. ಬೆಳಗಿನ ಬಿಸಿಲು ಬೀಳೋ ಕಡೆ ಇರೋದರ ಮಧ್ಯ ಬೆಣ್ಣೆ ಬಣ್ಣ, ಬೇಲಿ ಹಿಂದೆ ಇರೋದರ ಮಧ್ಯ ಎಳೇ ಸೌತೆಕಾಯಿ ಬಣ್ಣ, ಬಂದೋರು ಎರಡೂ ಬೇರೆ ಬೇರೆ ಜಾತಿ ಅಂತಾನೇ ಅನ್ಕೋತಾರೆ. ನಿಮ್ಮ ಗಿಡದ ಬಣ್ಣ ಮಂಕು ಅನ್ನಿಸಿದ್ರೆ ಗೊಬ್ಬರದ ಚೀಲಕ್ಕೆ ಕೈ ಹಾಕೋ ಮುಂಚೆ ಬೆಳಕು ನೋಡಿ.

ಮರದ ಬೇರಿನ ಜೊತೆ ಜಗಳ

ಮರದ ಕೆಳಗೆ ನೆಡೋದಾದ್ರೆ ಹೋಸ್ಟಾಗೆ ನಿಜವಾದ ಶತ್ರು ನೆರಳಲ್ಲ, ಆ ಮರದ ಬೇರು. ಮೇಪಲ್ ಥರ ಬೇರು ಮೇಲ್ಮೇಲೇ ಹರಡೋ ಮರ ಇದ್ರೆ ನೀವು ಹಾಕಿದ ನೀರು ಗೊಬ್ಬರ ಎಲ್ಲಾ ಮರವೇ ಕುಡಿದುಬಿಡುತ್ತೆ. ನೀವು ಕಾಂಪೋಸ್ಟ್ ಹಾಕಿ ಮೆತ್ತಗೆ ಮಾಡಿದ ಗುಂಡಿ ಕಡೆಗೇ ಬೇರು ಓಡಿ ಬರುತ್ತೆ, ಎರಡು ವರ್ಷ ಆದ್ಮೇಲೆ ಅಗೆದು ನೋಡಿದ್ರೆ ಹೋಸ್ಟಾ ಬೇರಿಗಿಂತ ಮರದ ಬೇರೇ ಜಾಸ್ತಿ. ಸಲಿಕೆ ಹಾಕಿ ನೋಡಿ, ಒಂದು ಅಡಿ ಆಳಕ್ಕೆ ಸಲೀಸಾಗಿ ಇಳಿದ್ರೆ ನೆಡಿ, ಪ್ರತಿ ಗುದ್ದಿಗೂ ಬೇರಿಗೆ ತಾಗಿ ಠಣ್ ಅಂದ್ರೆ ಆ ಜಾಗದಲ್ಲಿ ಕುಂಡದಲ್ಲಿಟ್ಟು ಬೆಳೆಸೋದೇ ವಾಸಿ. ದೊಡ್ಡ ಬೇರು ಮಾತ್ರ ಕತ್ತರಿಸ್ಬೇಡಿ, ಮರಕ್ಕೆ ಪೆಟ್ಟು. ಓಕ್ ಥರ ಆಳಕ್ಕೆ ಬೇರಿಳಿಸೋ ಮರದ ಕೆಳಗೆ ಈ ರಗಳೆ ಕಮ್ಮಿ. ಒಟ್ನಲ್ಲಿ ಬುಡಕ್ಕೆ ಅಂಟಿಸಿ ನೆಡದೆ ಕೊಂಬೆಯ ಹೊರ ಅಂಚಿನ ಕಡೆ ಬನ್ನಿ, ಬೆಳಕೂ ಚೆನ್ನಾಗಿರುತ್ತೆ ಮಳೆನೀರೂ ಬೀಳುತ್ತೆ.

ನೆಡೋದು

ಕಾಲ ಅಂದ್ರೆ ವಸಂತ ಶುರುವಾಗಿ ಮಣ್ಣು ಕೈಗೆ ಬರೋ ಹೊತ್ತು, ಇಲ್ಲಾ ಬೇಸಿಗೆ ಬಿಸಿ ಇಳಿದು ನೆಲ ಹೆಪ್ಪುಗಟ್ಟೋಕೆ ಇನ್ನೂ ಒಂದೂವರೆ ತಿಂಗಳಾದ್ರೂ ಬಾಕಿ ಇರೋ ಹೊತ್ತು.

1. ಗುಂಡಿ ಅಗಲ ಇರ್ಲಿ, ಆಳ ಬೇಡ. ಹೋಸ್ಟಾ ಬೇರು ಕೆಳಕ್ಕಿಂತ ಪಕ್ಕಕ್ಕೆ ಜಾಸ್ತಿ ಹೋಗುತ್ತೆ. ಬೇರಿನ ಉಂಡೆ ಎಷ್ಟು ಅಗಲ ಇದ್ಯೋ ಅದರ ಎರಡರಿಂದ ಮೂರು ಪಟ್ಟು ಅಗಲ, ಒಂದು ಅಡಿ ಆಳ ಸಾಕು.

2. ಅಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಇಲ್ಲಾ ಎಲೆಗೊಬ್ಬರ ಮೂರನೇ ಒಂದು ಪಾಲು ಕಲಸಿ. ಹಸಿ ಸಗಣಿ ಬೇಡ. ಮಣ್ಣು ಸ್ವಲ್ಪ ಹುಳಿ ಕಡೆಗಿದ್ರೆ ಒಳ್ಳೇದು, ಪಿಎಚ್ 6ರಿಂದ 7ರ ಒಳಗೆ. ಜಿಗುಟು ಜೇಡಿಮಣ್ಣಾದ್ರೆ ಮಡಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರಿಸಿ, ಹೋಸ್ಟಾಗೆ ತೇವ ಬೇಕು, ಆದ್ರೆ ಚಳಿಗಾಲದಲ್ಲಿ ನೀರು ನಿಂತ್ರೆ ಬುಡ ಕೊಳೆಯುತ್ತೆ.

3. ಪಾರ್ಸೆಲ್ಲಲ್ಲಿ ಮಣ್ಣಿಲ್ದೇ ಬರೀ ಬೇರು ಬಂದಿದ್ರೆ ಅರ್ಧದಿಂದ ಒಂದು ಗಂಟೆ ನೀರಲ್ಲಿ ನೆನೆಸಿ. ಕುಂಡದಿಂದ ತೆಗೆದಿದ್ದಾದ್ರೆ ಕುಂಡದ ಮಣ್ಣನ್ನ ಸಾಧ್ಯವಾದಷ್ಟು ಉದುರಿಸಿ, ಸುತ್ತಿಕೊಂಡಿರೋ ಬೇರನ್ನ ಬಿಡಿಸಿ. ನರ್ಸರಿಯ ಹಗುರ ಮಣ್ಣು ಒಂದು ಥರ, ನಮ್ಮ ತೋಟದ ಮಣ್ಣು ಇನ್ನೊಂದು ಥರ, ಎರಡರ ಗಡಿ ದಾಟೋಕೆ ಬೇರು ಹಿಂದೆಮುಂದೆ ನೋಡುತ್ತೆ.

4. ಗುಂಡಿ ಮಧ್ಯ ಸಣ್ಣ ಗುಡ್ಡೆ ಮಾಡಿ ಅದರ ಮೇಲೆ ಗಿಡ ಕೂರಿಸಿ, ಬೇರನ್ನ ಸುತ್ತಲೂ ಛತ್ರಿ ಕಡ್ಡಿ ಥರ ಹರಡಿ ಮಣ್ಣು ಮುಚ್ಚಿ. ಕುಡಿ ಹೊರಡೋ ಬುಡ ಸರಿಯಾಗಿ ನೆಲದ ಮಟ್ಟಕ್ಕೇ ಇರ್ಬೇಕು, ಹೂತುಹೋದ್ರೆ ಕೊಳೆಯುತ್ತೆ.

5. ನೀರು ಹಾಕಿ, ಮಣ್ಣು ಇಳಿದ ಜಾಗಕ್ಕೆ ಇನ್ನಷ್ಟು ಮಣ್ಣು ಹಾಕಿ, ಮೇಲೆ ಎರಡು ಇಂಚು ಒಣ ಎಲೆ ಇಲ್ಲಾ ತೊಗಟೆ ಚೂರು ಹೊದಿಸಿ. ಬುಡದ ಸುತ್ತ ಒಂದು ಗೇಣು ಖಾಲಿ ಬಿಡಿ, ಅಲ್ಲಿ ಹೊದಿಸಿದ್ರೆ ಇಲಿ, ಸ್ಲಗ್ (ಚಿಪ್ಪಿಲ್ಲದ ಬಸವನಹುಳ), ಕೊಳೆ ಮೂರಕ್ಕೂ ಮನೆ ಕಟ್ಟಿಕೊಟ್ಟಂಗೆ.

ಅಂತರಕ್ಕೆ ಲೇಬಲ್ ನೋಡಿ, ಅದರಲ್ಲಿ ಬರೆದಿರೋ ಅಗಲ ಐದಾರು ವರ್ಷದ ನಂತರದ್ದು. ಈಗ ಖಾಲಿ ಖಾಲಿ ಅನ್ನಿಸುತ್ತೆ ಅಂತ ಒತ್ತೊತ್ತಾಗಿ ನೆಡಬೇಡಿ. ಸಂದೀಲಿ ಜರೀಗಿಡ, ಆಸ್ಟಿಲ್ಬಿ ಅನ್ನೋ ನೆರಳಿನ ಹೂಗಿಡ ಹಾಕಿ, ಜೊತೆಗೆ ಸ್ನೋಡ್ರಾಪ್ ಥರದ ಬೇಗ ಹೂಬಿಡೋ ಗಡ್ಡೆಗಳು, ಹೋಸ್ಟಾ ಏಳೋದು ತಡ, ಅದು ಎದ್ದು ಎಲೆ ಬಿಚ್ಚೋ ಹೊತ್ತಿಗೆ ಈ ಗಡ್ಡೆಗಳ ಬಾಡಿದ ಎಲೆ ಕೆಳಗೆ ಮುಚ್ಚಿಹೋಗುತ್ತೆ. ಒಂದು ಮಾತು, ಬಣ್ಣದ ಎಲೆ ಪಕ್ಕ ಬಣ್ಣದ ಎಲೆ ಹಾಕ್ಬೇಡಿ, ನಾಲ್ಕು ಥರ ವೇರಿಗೇಟೆಡ್ ಅಕ್ಕಪಕ್ಕ ನಿಂತ್ರೆ ಕಣ್ಣು ಎಲ್ಲೂ ನಿಲ್ಲಲ್ಲ. ಮಧ್ಯೆ ಬರೀ ಹಸಿರಿಂದು ಒಂದಿರ್ಲಿ.

ನೀರು, ಗೊಬ್ಬರ

ವಾರಕ್ಕೆ ಒಂದು ಇಂಚು ಮಳೆ ಬಿದ್ದಷ್ಟು ನೀರು, ಮಳೆ ಬಂದ್ರೆ ಅದನ್ನೂ ಸೇರಿಸಿ. ಬೆಳಿಗ್ಗೆ ಹೊತ್ತು, ಬುಡಕ್ಕೆ, ನಿಧಾನವಾಗಿ. ಸಂಜೆ ಎಲೆ ಮೇಲೆ ಚಿಮ್ಮಿಸಿದ್ರೆ ರಾತ್ರಿ ಸ್ಲಗ್ಗಿಗೆ ರೋಡ್ ಹಾಕಿಕೊಟ್ಟಂಗೆ. ಬೇಸಿಗೇಲಿ ನೀರು ಕಮ್ಮಿ ಆದ್ರೆ ಮೊದಲು ಸುಡೋದು ಬಿಳಿ ಅಂಚು, ಅದೇ ನಿಮಗೆ ಅಲಾರಂ.

ಗೊಬ್ಬರ ವಸಂತದಲ್ಲಿ ಕುಡಿ ಎದ್ದಾಗ ಒಂದ್ಸಲ ಸಮತೋಲನದ್ದು, ಅಂದ್ರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋ 10-10-10 ಥರದ್ದು, ಸ್ವಲ್ಪ. ಬೇಸಿಗೆ ಮಧ್ಯ ಕಳೆದ ಮೇಲೆ ಬೇಡ. ಬಿಳಿ ಜಾಸ್ತಿ ಇರೋ ಗಿಡ ಸೊರಗಿದೆ ಅಂತ ಗೊಬ್ಬರ ಸುರೀಬೇಡಿ, ಅದಕ್ಕೆ ಹಸಿವಾಗಿರೋದು ಬೆಳಕಿಗೆ.

ಸ್ಲಗ್ಗು

ಚಿಪ್ಪಿಲ್ಲದ ಬಸವನಹುಳ ಅಂದ್ರೆ ಗೊತ್ತಾಗುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ಎಲೆ ತುಂಬಾ ದುಂಡು ತೂತು, ಮೇಲೆ ಒಣಗಿದ ಬೆಳ್ಳಿ ಗೆರೆ, ಹುಳ ಮಾತ್ರ ಎಲ್ಲೂ ಇಲ್ಲ. ಬಿಳಿ ಇರೋ ತೆಳು ಎಲೆ ಅಂದ್ರೆ ಅದಕ್ಕೆ ಬಲು ಪ್ರೀತಿ. ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿ, ಮರಳು ಅಂತ ನಾನೂ ಎಲ್ಲಾ ಮಾಡಿದೀನಿ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಲೆಟ್ಯೂಸ್ ಗಿಡಗಳ ಸುತ್ತ ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿ ಥರದವನ್ನ ಹಾಕಿ ಪರೀಕ್ಷೆ ಮಾಡ್ತು, ಏನೂ ಹಾಕ್ದೇ ಬಿಟ್ಟ ಗಿಡಕ್ಕೂ ಇದಕ್ಕೂ ಹೇಳ್ಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ಅದನ್ನ ಓದಿದ ಮೇಲೆ ಸಿಪ್ಪೆ ಪುಡಿ ಮಾಡೋ ಕೆಲಸ ಬಿಟ್ಟೆ.

ಕೆಲಸ ಮಾಡೋದು ಎರಡೇ. ಒಂದು, ಮಳೆ ಬಂದ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಎಲೆ ಅಡಿ ನೋಡಿ ಕೈಯಲ್ಲಿ ಆರಿಸೋದು, ಗ್ಲೌಸ್ ಹಾಕ್ಕೊಳ್ಳಿ, ಆ ಲೋಳೆ ಸೋಪಿಗೂ ಬಗ್ಗಲ್ಲ. ಇನ್ನೊಂದು, ಸ್ಲಗ್ ಕೊಲ್ಲೋ ಫೆರಿಕ್ ಫಾಸ್ಫೇಟ್ ಕಾಳು, ಕುಡಿ ಮಣ್ಣಿಂದ ಮೂತಿ ತೂರಿಸ್ತಿದ್ದಂಗೇ ತೆಳ್ಳಗೆ ಉದುರಿಸ್ಬೇಕು. ಯಾಕೆ ಅಷ್ಟು ಬೇಗ ಅಂದ್ರೆ, ಕುಡಿ ಒಳಗೆ ಎಲೆಗಳು ಸುರುಳಿ ಸುತ್ತಿಕೊಂಡಿರುತ್ವೆ, ಆಗ ಹುಳ ಒಂದು ಕಡೆ ತೂತು ಕೊರೆದ್ರೆ ನಾಲ್ಕು ಸುತ್ತಿಗೂ ಬೀಳುತ್ತೆ, ಎಲೆ ಬಿಚ್ಚಿದಾಗ ಒಂದೇ ಸಾಲಲ್ಲಿ ನಾಲ್ಕು ತೂತು, ಆ ಎಲೆ ಇನ್ನು ಇಡೀ ವರ್ಷ ಹಂಗೇ. ಮೇಲೆ ಮತ್ತೆ ಎಲೆ ಬರುತ್ತೆ ಅಂತ ನಂಬಿಕೊಂಡು ಕೂರೋಕಾಗಲ್ಲ, ಬಹುತೇಕ ಹೋಸ್ಟಾ ವಸಂತದಲ್ಲಿ ಬಿಟ್ಟ ಎಲೆಗಳಲ್ಲೇ ವರ್ಷ ಕಳೆಯುತ್ತೆ.

ಜಿಂಕೆ ಓಡಾಡೋ ಕಡೆ ಇದ್ರೆ ಬೇಲಿ ಬಿಟ್ಟು ಬೇರೆ ಉಪಾಯ ನನ್ನ ಹತ್ರ ಇಲ್ಲ, ಅವಕ್ಕೆ ಇದು ಸೊಪ್ಪಿನ ಮಡಿ.

ರೋಗ ಅಲ್ದೇ ಇರೋ ತೊಂದರೆಗಳು

ಹೆದರಿಕೊಂಡು ಔಷಧಿ ಹೊಡೆಯೋರು ಇದನ್ನ ಓದಿ. ಬಿಳಿ ಅಂಚು ಮಧ್ಯದ ಹಸಿರಿಗಿಂತ ನಿಧಾನ ಬೆಳೆಯುತ್ತೆ, ಅದಕ್ಕೆ ಕೆಲವು ಜಾತೀಲಿ ಅಂಚು ಲಾಡಿ ಎಳೆದ ಚೀಲದಂಗೆ ಬಿಗಿದು ಎಲೆ ದೊನ್ನೆ ಥರ ಮುದುಡುತ್ತೆ, ಕೆಲವೊಮ್ಮೆ ಅಂಚು ಹರಿದೂ ಹೋಗುತ್ತೆ. ಅದು ಆ ಜಾತಿಯ ಗುಣ, ನೀವೇನೂ ಮಾಡೋಕಾಗಲ್ಲ. ಮಧ್ಯ ಬಿಳಿ ಇರೋವುಗಳಲ್ಲಿ ಬೇಸಿಗೆ ಶುರುವಾಗ್ತಿದ್ದಂಗೆ ಬಿಳಿ ಭಾಗ ನೀರು ಕುಡಿದ ಕಾಗದದಂಗಾಗಿ ಕರಗಿ ತೂತು ಬೀಳೋದೂ ಉಂಟು, ಅಂಥದನ್ನ ಸ್ವಲ್ಪ ಬೆಳಕಿಗೆ ಜರುಗಿಸಿ ನೋಡಿ. ಫ್ರಾನ್ಸಿಸ್ ವಿಲಿಯಮ್ಸ್ ಅಂತ ಹೆಸರುವಾಸಿ ಹೋಸ್ಟಾ ಇದೆ, 1936ರಲ್ಲಿ ಅದೇ ಹೆಸರಿನ ಹೆಂಗಸು ಅಮೆರಿಕದ ಕನೆಕ್ಟಿಕಟ್‌ನ ಒಂದು ನರ್ಸರೀಲಿ ಸಾಲು ಗಿಡದ ಮಧ್ಯೆ ಹಳದಿ ಅಂಚಿಂದು ಒಂದೇ ಒಂದು ಕಂಡು ತಂದಿದ್ದು, ನೋಡೋಕೆ ಭವ್ಯ, ಆದ್ರೆ ವಸಂತದಲ್ಲಿ ಹಳದಿ ಅಂಚು ತಾನಾಗೇ ಕಂದಾಗೋದು ಅದರ ಹುಟ್ಟುಗುಣ. ಅದಕ್ಕೇ ನಾನು ಅದನ್ನ ತಂದಿಲ್ಲ.

ಒಂದು ಕುಡಿ ಪೂರ್ತಿ ಹಸಿರಾದ್ರೆ

ಇದನ್ನ ಕಡೆಗಣಿಸಿದ್ರೆ ಮೂರ್ನಾಲ್ಕು ವರ್ಷದಲ್ಲಿ ನೀವು ದುಡ್ಡು ಕೊಟ್ಟು ತಂದ ಬಣ್ಣ ಹೋಗಿ ಮಾಮೂಲಿ ಹಸಿರು ಹೋಸ್ಟಾ ಉಳಿಯುತ್ತೆ. ವೇರಿಗೇಟೆಡ್ ಗಿಡ ಅಂದ್ರೆ ಒಂದೇ ಕುಡೀಲಿ ಎರಡು ಥರ ಜೀವಕೋಶ ಪದರ ಪದರವಾಗಿ ಕೂತಿರೋದು. ಆ ಪದರ ಯಾವಾಗ್ಲಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಕುಡಿಯಿಂದ ಬರೀ ಹಸಿರು ಎಲೆ ಬರುತ್ತೆ. ಅದರಲ್ಲಿ ಎಲ್ಲರೂ ದುಡಿಯೋರೇ, ಕೂತು ತಿನ್ನೋರೇ ಇಲ್ಲ, ಬೇಗ ಬೆಳೆಯುತ್ತೆ, ಪಕ್ಕದ ಬಣ್ಣದ ಕುಡಿಗಳನ್ನ ಒತ್ತರಿಸಿ ಜಾಗ ಹಿಡಿಯುತ್ತೆ. ನಾವು ಗಿಡ ದಷ್ಟಪುಷ್ಟ ಆಯ್ತು ಅಂತ ಖುಷಿ ಪಡ್ತಿರ್ತೀವಿ.

ಬರೀ ಎಲೆ ಕಿತ್ರೆ ಆಗಲ್ಲ, ಅದೇ ಕುಡಿಯಿಂದ ಮತ್ತೆ ಹಸಿರೇ ಬರುತ್ತೆ. ಹಸಿರೆಲೆಯ ತೊಟ್ಟು ಹಿಡ್ಕೊಂಡು ಬೆರಳಲ್ಲೇ ಬುಡದವರೆಗೆ ಇಳೀರಿ, ಮಣ್ಣು ಸ್ವಲ್ಪ ಸರಿಸಿ ಆ ಕುಡಿ ಎಲ್ಲಿ ಶುರುವಾಗುತ್ತೆ ನೋಡಿ, ಬೇರಿನ ಸಮೇತ ಚೂಪಾದ ಚಾಕೂಲಿ ಕತ್ತರಿಸಿ ಹೊರಗೆ ತೆಗೀರಿ. ಅದನ್ನ ಬೇರೆ ಕಡೆ ನೆಟ್ರೆ ಒಳ್ಳೇ ಹಸಿರು ಹೋಸ್ಟಾ ಸಿಕ್ಕಂಗಾಯ್ತು. ವಸಂತದಲ್ಲಿ ಎಲೆ ಬಿಚ್ಚಿದ ಎರಡು ವಾರದೊಳಗೆ ಒಂದು ಸುತ್ತು ಹಾಕಿ ನೋಡೋದು ಅಭ್ಯಾಸ ಮಾಡ್ಕೊಳ್ಳಿ. ಉಂಡ್ಯುಲೇಟಾ ಅನ್ನೋ ಹಳೇ ಬಿಳಿ ಮಧ್ಯದ ಜಾತೀಲಂತೂ ಬೇಸಿಗೆಯ ಎರಡನೇ ಎಲೆಗಳು ಹಸಿರು ಹಸಿರಾಗೇ ಬರ್ತವೆ, ಅದು ಕುಡಿ ಹಸಿರಿಗೆ ತಿರುಗಿದ್ದಲ್ಲ, ಮುಂದಿನ ವಸಂತಕ್ಕೆ ಮತ್ತೆ ಬಿಳಿ ಬರುತ್ತೆ, ದುಡುಕಿ ಕತ್ತರಿಸ್ಬೇಡಿ. ಆದ್ರೆ ವಸಂತದ ಮೊದಲ ಎಲೆಯೇ ಪೂರ್ತಿ ಹಸಿರು ಬಂದ್ರೆ ಕುಡಿ ತೆಗೀರಿ.

ಚೆಂದ ಕಂಡಿದ್ದೆಲ್ಲಾ ವೇರಿಗೇಶನ್ ಅಲ್ಲ

ಒಂದ್ಸಲ ಒಂದು ನರ್ಸರೀಲಿ ಹಳದಿ ಎಲೆ ಮೇಲೆ ನರಗಳ ಉದ್ದಕ್ಕೂ ಕಡುಹಸಿರು ಶಾಯಿ ಹರಡಿದಂಗಿದ್ದ ಗಿಡ ಕಂಡೆ, ಇದ್ಯಾವುದೋ ಹೊಸ ಜಾತಿ ಅಂತ ಕುಣಿದಾಡ್ಕೊಂಡು ತಂದೆ. ಅದು ಹೋಸ್ಟಾ ವೈರಸ್ ಎಕ್ಸ್. 1996ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು ಗುರುತಿಸಿದ ವೈರಸ್ ಇದು, ಅದಕ್ಕೂ ಮುಂಚೆ ಇಂಥ ಗಿಡಗಳನ್ನ ಚೆಂದ ಅಂತ ಹೆಸರಿಟ್ಟು ಮಾರ್ತಿದ್ರು.

ಗುರುತು ಹಿಡಿಯೋದು ಹೆಂಗೆ ಅಂದ್ರೆ, ನಿಜವಾದ ವೇರಿಗೇಶನ್ನಲ್ಲಿ ಬಣ್ಣದ ಗಡಿ ಚೊಕ್ಕ ಇರುತ್ತೆ, ಅಂಚಾದ್ರೆ ಅಂಚು, ಮಧ್ಯ ಆದ್ರೆ ಮಧ್ಯ, ಎಲ್ಲಾ ಎಲೇಲೂ ಹೆಚ್ಚುಕಮ್ಮಿ ಅದೇ ನಮೂನೆ. ವೈರಸ್ಸಲ್ಲಿ ಬಣ್ಣ ನರದಿಂದ ಆಚೀಚೆ ಸೋರಿದಂಗಿರುತ್ತೆ, ಮಚ್ಚೆ ಮಚ್ಚೆ, ಒಂದೆಲೆ ಥರ ಇನ್ನೊಂದಿಲ್ಲ, ಮಚ್ಚೆ ಇರೋ ಕಡೆ ಬೆರಳಾಡಿಸಿದ್ರೆ ಎಲೆ ಗುಳಿ ಬಿದ್ದಂಗೆ ಇಲ್ಲಾ ಉಬ್ಬಿದಂಗೆ ತಗುಲುತ್ತೆ. ಔಷಧಿ ಇಲ್ಲ. ಬೇರು ಸಮೇತ ಕಿತ್ತು ಚೀಲ ಕಟ್ಟಿ ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ, ಹಳೇ ಬೇರು ಪೂರ್ತಿ ಕೊಳೆಯೋವರೆಗೂ ಆ ಗುಂಡೀಲಿ ಇನ್ನೊಂದು ಹೋಸ್ಟಾ ಬೇಡ. ಇದು ಹರಡೋದು ಗಿಡದ ರಸದಿಂದ, ಅಂದ್ರೆ ನಮ್ಮ ಚಾಕು ಕತ್ತರಿಯಿಂದ್ಲೇ. ತಗುಲಿದ ಗಿಡ ಲಕ್ಷಣ ತೋರ್ಸೋಕೆ ವರ್ಷಗಳೇ ಹಿಡಿಯಬಹುದು, ಹಾಗಾಗಿ ಚೆನ್ನಾಗೇ ಕಾಣ್ತಿದೆ ಅಂತ ನಂಬೋಹಂಗಿಲ್ಲ. ಒಂದು ಗಿಡಕ್ಕೆ ಹಾಕಿದ ಚಾಕೂನ ಸೋಪಲ್ಲಿ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಕಲಸಿ ಅದರಲ್ಲಿ ಅದ್ದಿಟ್ಟು, ಆಮೇಲೆ ಇನ್ನೊಂದಕ್ಕೆ ಹಾಕಿ. ಹೂವಿನ ದಂಟು ಕತ್ತರಿಸುವಾಗ್ಲೂ ಅಷ್ಟೇ, ಅಲ್ಲೇ ಎಲ್ರೂ ಮರೆಯೋದು, ನಾನು ಈಗ ದಂಟನ್ನ ಒಣಗಿದ ಮೇಲೆ ಕೈಯಲ್ಲಿ ಎಳೆದು ತೆಗೀತೀನಿ.

ಇನ್ನೆರಡು ಬೇಗ ಹೇಳ್ಬಿಡ್ತೀನಿ. ಬೇಸಿಗೆ ಕೊನೇಲಿ ನರ ನರದ ಮಧ್ಯೆ ಉದ್ದುದ್ದ ಕಂದು ಪಟ್ಟಿ ಬಂದ್ರೆ ಅದು ಎಲೆಯ ಜಂತುಹುಳ, ನೆಮಟೋಡ್, ಅದನ್ನೂ ಕಿತ್ತು ಬಿಸಾಕಿ. ಸೆಕೆ ಮತ್ತೆ ತೇವ ಜೊತೆಯಾದಾಗ ತೊಟ್ಟುಗಳು ಬುಡದಲ್ಲೇ ಮೆತ್ತಗಾಗಿ ಮಗುಚಿ ಬಿದ್ದು, ಬುಡದ ಸುತ್ತ ಸಾಸಿವೆ ಕಾಳಿನಂಥ ಕಂದು ಉಂಡೆ ಕಂಡ್ರೆ ಬುಡಕೊಳೆ ಶಿಲೀಂಧ್ರ, ಸುತ್ತಲಿನ ಮಣ್ಣನ್ನೂ ತೆಗೆದುಹಾಕಿ.

ಒಂದು ಇದ್ದಿದ್ದು ಎರಡಾಗೋದು

ಬೀಜ ಹಾಕಿ ವೇರಿಗೇಟೆಡ್ ಮಾಡ್ತೀನಿ ಅಂದ್ಕೋಬೇಡಿ. ತಾಯಿ ಎಲೆಯ ಮಧ್ಯದ ಬಣ್ಣ ಏನೋ ಸಸಿ ಸಾಮಾನ್ಯವಾಗಿ ಆ ಬಣ್ಣಕ್ಕೇ ಹೋಗುತ್ತೆ, ಮಧ್ಯ ಬಿಳಿ ಇದ್ರೆ ಸಸಿ ಬಿಳಿಯಾಗೇ ಹುಟ್ಟಿ ಬೀಜದೊಳಗಿನ ಊಟ ಮುಗಿದ ದಿನ ಸಾಯುತ್ತೆ. ದಾರಿ ಒಂದೇ, ಸೀಳೋದು.

ವಸಂತದಲ್ಲಿ ಕುಡಿಗಳು ಮಣ್ಣಿಂದ ಎರಡು ಮೂರು ಬೆರಳು ಎದ್ದು ಇನ್ನೂ ಸುರುಳಿ ಬಿಚ್ಚದೇ ಇರುವಾಗ ಮಾಡಿ, ಆಗ ನೋಡೋಕೆ ನೆಲದಿಂದ ಕೊಂಬು ಮೂಡಿದಂಗಿರುತ್ತೆ, ಯಾವುದು ಎಲ್ಲಿ ಬೇರೆಯಾಗುತ್ತೆ ಅಂತ ಸ್ಪಷ್ಟ ಕಾಣುತ್ತೆ, ಎಲೆ ಹರಿಯೋ ಭಯಾನೂ ಇಲ್ಲ. ಇಡೀ ಬುಡ ಅಗೆದು ಎತ್ತಿ, ಪೈಪ್ ನೀರಲ್ಲಿ ಮಣ್ಣು ತೊಳೆದು, ಕೈಯಲ್ಲಿ ಎಳೆದ್ರೆ ಬಿಡೋದನ್ನ ಬಿಡಿಸಿ, ಬಿಡದೇ ಇರೋದಕ್ಕೆ ಮಾತ್ರ ಚಾಕು. ಒಂದೊಂದು ತುಂಡಲ್ಲಿ ಎರಡು ಮೂರು ಕುಡಿ, ಚೆನ್ನಾಗಿ ಬೇರು ಇರ್ಲಿ. ಬಿಳಿ ಮಧ್ಯದವುಗಳನ್ನ ಐದಕ್ಕಿಂತ ಕಮ್ಮಿ ಕುಡಿ ಇದ್ದಾಗ ನಾನು ಮುಟ್ಟೋದೇ ಇಲ್ಲ, ನೆಂಟರು ಕೇಳಿದ್ರೂ ಅಷ್ಟೇ, ಪೇಟ್ರಿಯಟ್ ತಗೊಂಡು ಹೋಗಿ ಅಂತೀನಿ. ಸೀಳಲೇಬೇಕು ಅನ್ನೋ ನಿಯಮಾನೂ ಇಲ್ಲ, ಹೋಸ್ಟಾ ಹತ್ತಾರು ವರ್ಷ ಒಂದೇ ಕಡೆ ಇದ್ರೂ ಚೆನ್ನಾಗೇ ಇರುತ್ತೆ. ಪ್ರತಿ ಸಲ ಸೀಳಿದಾಗ್ಲೂ ಗಿಡ ಒಂದೆರಡು ವರ್ಷ ಹಿಂದಕ್ಕೆ ಹೋಗುತ್ತೆ, ಎಲೆ ತನ್ನ ನಿಜವಾದ ಗಾತ್ರ, ಬಣ್ಣ ತೋರ್ಸೋದು ನೆಟ್ಟು ಮೂರರಿಂದ ಐದು ವರ್ಷಕ್ಕೆ, ದೊಡ್ಡ ಜಾತಿಗೆ ಇನ್ನೂ ತಡ.

ಚಳಿಗಾಲ

ಮಂಜು ಬಿದ್ದು ಎಲೆ ಹಳದಿಯಾಗಿ ಕುಸಿದ ಮೇಲೆ ಎಲ್ಲಾ ಎತ್ತಿ ತೆಗೀರಿ, ಅದರಡಿ ಸ್ಲಗ್ ಮೊಟ್ಟೆ ಇಡುತ್ತೆ. ಹಸಿರಿರೋವರೆಗೂ ಮಾತ್ರ ಕೈ ಹಾಕ್ಬೇಡಿ, ಕೊನೇ ದಿನದವರೆಗೂ ಅದು ಬೇರಿಗೆ ಊಟ ಕಳಿಸ್ತಿರುತ್ತೆ. ನೆಲದಲ್ಲಿರೋವಕ್ಕೆ ಇನ್ನೇನೂ ಬೇಡ. ಕುಂಡದಲ್ಲಿರೋವಕ್ಕೆ ಚಳಿಗಿಂತ ನೀರೇ ಕಾಟ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟೋ ನೀರಲ್ಲಿ ಬುಡ ಒಡೆದು ಕೊಳೆಯುತ್ತೆ, ಅದಕ್ಕೆ ಬಿಸಿ ಮಾಡದೇ ಇರೋ ಶೆಡ್ಡೋ ಗ್ಯಾರೇಜೋ ಇದ್ರೆ ಅಲ್ಲಿಡಿ, ಇಲ್ದಿದ್ರೆ ಮಳೆ ತಾಗದಂಗೆ ಗೋಡೆ ಪಕ್ಕ ಮಗ್ಗುಲಾಗಿ ಮಲಗಿಸಿ. ತಿಂಗಳಿಗೊಂದ್ಸಲ ಬೆರಳು ಚುಚ್ಚಿ ನೋಡಿ, ಮಣ್ಣು ಧೂಳಾಗಿದ್ರೆ ಒಂದು ಲೋಟ ನೀರು, ಇಲ್ಲಾಂದ್ರೆ ಹಂಗೇ ಬಿಡಿ.